ಆಯಿಲ್ ಲೈಟ್ ಹತ್ತಿದರೆ ಗಾಡಿ ಬದಿಗೆ ಹಾಕಿ ಎಂಜಿನ್ ನಿಲ್ಲಿಸಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಹಾಸನದವರೊಬ್ಬರ ಪತ್ರ ಬಂದಿತ್ತು. ಹಳ್ಳಿಯೊಂದರ ಹಂಪ್ ಮೇಲೆ ಅವರ ಕಾರಿನ ತಳ ಉಜ್ಜಿತು. ಸ್ವಲ್ಪ ದೂರ ಹೋದ ಮೇಲೆ ಕೆಂಪು ಆಯಿಲ್ ಲೈಟ್ ಹತ್ತಿತು. ಅವರು ಇಳಿದು ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ತೆಗೆದು ನೋಡಿದರು. ಆಯಿಲ್ ಭರ್ತಿ ಇತ್ತು. ಕೆಳಗೆ ಒಂದು ತೊಟ್ಟೂ ಸೋರಿರಲಿಲ್ಲ. ಸೆನ್ಸರ್ ಕೆಟ್ಟಿರಬೇಕು ಅಂದುಕೊಂಡು ಮುಂದೆ ಹೊರಟರು. ಮನೆ ಸೇರುವ ಮೊದಲೇ ಎಂಜಿನ್ ಸೀಜ್ ಆಯಿತು, ಅಂದರೆ ಒಳಗೆ ಹಿಡಿದುಕೊಂಡು ನಿಂತುಹೋಯಿತು. ಆಯಿಲ್ ಇದ್ದೂ ಎಂಜಿನ್ ಹೋದದ್ದು ಹೇಗೆ ಎಂದು ಅವರು ಕೇಳಿದ್ದರು. ಗ್ಯಾರೇಜಿನಲ್ಲಿ ಅವರಿಗೆ ಸರಿಯಾದ ಉತ್ತರ ಸಿಕ್ಕಿಲ್ಲ ಎಂದು ನನಗೆ ಅನ್ನಿಸಿತು. ಅದಕ್ಕೇ ಈ ಪತ್ರ.

ಸಕಲೇಶಪುರದಲ್ಲಿ ಹೆದ್ದಾರಿ ಬದಿಗೆ ನನ್ನದೊಂದು ಗ್ಯಾರೇಜ್ ಇದೆ. ಶಿರಾಡಿ ಘಾಟಿ ಹತ್ತಿ ಬಂದ ಗಾಡಿ, ಇಳಿಯಲು ಹೊರಟ ಗಾಡಿ, ಕಾಫಿ ತೋಟಗಳ ಜೀಪು ಎಲ್ಲ ನಮ್ಮಲ್ಲಿಗೆ ಬರುತ್ತವೆ. ಆಯಿಲ್ ಒತ್ತಡ ಹೋಗಿ ಸೀಜ್ ಆದ ಎಂಜಿನ್ ಬಿಚ್ಚುವಾಗ ನನಗೆ ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ. ಅವುಗಳಲ್ಲಿ ಹೆಚ್ಚಿನವು ಉಳಿಯಬಹುದಾಗಿದ್ದ ಎಂಜಿನ್‌ಗಳು.

ಆ ಕೆಂಪು ಲೈಟ್ ಆಯಿಲ್ ಎಷ್ಟಿದೆ ಎಂದು ಹೇಳುವುದಿಲ್ಲ. ಆಯಿಲಿಗೆ ಒತ್ತಡ ಇದೆಯೋ ಇಲ್ಲವೋ ಎಂದು ಹೇಳುತ್ತದೆ. ಇವೆರಡೂ ಬೇರೆ. ಎಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ಬೋಗುಣಿಯಂಥ ಭಾಗಕ್ಕೆ ನಾವು ಚೇಂಬರ್ ಅನ್ನುತ್ತೇವೆ. ಪಂಪ್ ಅಲ್ಲಿಂದ ಆಯಿಲ್ ಎಳೆದು, ಫಿಲ್ಟರ್ ದಾಟಿಸಿ, ಕ್ರ್ಯಾಂಕ್, ಕ್ಯಾಮ್‌ಶಾಫ್ಟ್, ಟರ್ಬೊ ಹೀಗೆ ತಿರುಗುವ ಭಾಗಗಳಿಗೆಲ್ಲ ಒತ್ತಿ ಕಳಿಸುತ್ತದೆ. ಕ್ರ್ಯಾಂಕಿಗೂ ಅದನ್ನು ಹೊತ್ತಿರುವ ಬೇರಿಂಗಿಗೂ ನಡುವೆ ಇರುವ ಸಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗ. ಆ ಸಂದಿಗೆ ಆಯಿಲ್ ಬರುತ್ತಿರುವವರೆಗೆ ಲೋಹಕ್ಕೆ ಲೋಹ ತಾಗುವುದಿಲ್ಲ. ಬರುವುದು ನಿಂತರೆ ಬೇರಿಂಗ್ ಕಾದು, ಕೆರೆದು, ಕ್ರ್ಯಾಂಕನ್ನೇ ಹಿಡಿದುಕೊಳ್ಳುತ್ತದೆ. ಟರ್ಬೊ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಜಾಸ್ತಿ ತಿರುಗುವಂಥದ್ದು, ಅದಕ್ಕಂತೂ ತಡೆಯುವ ಶಕ್ತಿಯೇ ಇಲ್ಲ.

ಒತ್ತಡವನ್ನು ಬಾರ್ ಎಂಬ ಅಳತೆಯಲ್ಲಿ ಹೇಳುತ್ತೇವೆ. ಬಿಸಿಯಾದ ಎಂಜಿನ್ ಐಡ್ಲಿಂಗಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಸುಮ್ಮನೆ ಓಡುತ್ತಿರುವಾಗ, ಸಾಮಾನ್ಯವಾಗಿ 1 ಬಾರ್ ಆಸುಪಾಸು ಒತ್ತಡ ಇರುತ್ತದೆ. 2000 ಆರ್‌ಪಿಎಂಗೆ ಹೋದರೆ 2ರಿಂದ 4 ಬಾರ್. ಲೈಟ್ ಹೊತ್ತಿಸುವ ಸ್ವಿಚ್ ಹೆಚ್ಚಿನ ಕಾರುಗಳಲ್ಲಿ ಅರ್ಧ ಬಾರ್‌ಗಿಂತಲೂ ಕೆಳಗೆ ಇಳಿದ ಮೇಲೆಯೇ ಕೆಲಸ ಮಾಡುತ್ತದೆ. ಅಂದರೆ ಲೈಟ್ ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಒತ್ತಡ ಹೆಚ್ಚುಕಡಿಮೆ ಹೋಗಿಯೇ ಬಿಟ್ಟಿರುತ್ತದೆ. ಪೆಟ್ರೋಲ್ ರಿಸರ್ವ್ ಲೈಟಿನ ಹಾಗೆ ಇನ್ನೂ ಸ್ವಲ್ಪ ದೂರ ಹೋಗಬಹುದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಈಗ ಹಾಸನದ ಓದುಗರ ಪ್ರಶ್ನೆ. ಆಯಿಲ್ ಎಳೆಯುವ ಪೈಪಿನ ತುದಿಯಲ್ಲಿ ಒಂದು ಜಾಲರಿ ಇರುತ್ತದೆ, ಸ್ಟ್ರೈನರ್. ಅದಕ್ಕೂ ಚೇಂಬರಿನ ತಳಕ್ಕೂ ಕೆಲವೇ ಮಿಲಿಮೀಟರ್ ಅಂತರ. ಹಂಪಿನ ಏಟಿಗೆ ತಗಡಿನ ಚೇಂಬರ್ ಒಳಕ್ಕೆ ನಗ್ಗಿದರೆ ತಳ ಹೋಗಿ ಜಾಲರಿಗೆ ಒತ್ತಿಕೊಳ್ಳುತ್ತದೆ. ಸುತ್ತ ಬೇಕಾದಷ್ಟು ಆಯಿಲ್ ಇದೆ, ಪಂಪಿಗೆ ಎಳೆಯಲು ದಾರಿ ಇಲ್ಲ. ತಳ ಮೇಲೆ ಬಂದದ್ದರಿಂದ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮೊದಲಿಗಿಂತ ತುಸು ಜಾಸ್ತಿಯೇ ಕಾಣಬಹುದು. ಚೇಂಬರ್ ಅಲ್ಯೂಮಿನಿಯಂದಾದರೆ ಸಾಮಾನ್ಯವಾಗಿ ನಗ್ಗುವುದಿಲ್ಲ, ಬಿರಿಯುತ್ತದೆ. ಆಗ ರಸ್ತೆ ಮೇಲೆ ಆಯಿಲ್ ಸುರಿಯುವುದು ಕಾಣುತ್ತದೆ, ಯಾರಾದರೂ ಕೈ ತೋರಿಸಿ ನಿಲ್ಲಿಸುತ್ತಾರೆ. ಮೋಸ ಹೋಗುವುದು ತಗಡಿನ ಚೇಂಬರಿನಲ್ಲೇ. ಆದ್ದರಿಂದ ತಳಕ್ಕೆ ಏಟು ಬಿದ್ದ ಮೇಲೆ ಲೈಟ್ ಹತ್ತಿದರೆ ಡಿಪ್‌ಸ್ಟಿಕ್ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಟೋಯಿಂಗ್ ಗಾಡಿ ಕರೆಸಿ.

ಘಾಟಿಯಲ್ಲಿ ಲೈಟ್ ಹತ್ತಿದರೆ ಗಾಬರಿಯಲ್ಲಿ ಓಡುತ್ತಿರುವಾಗಲೇ ಕೀ ತಿರುಗಿಸುವವರೂ ಇದ್ದಾರೆ. ಹಾಗೆ ಮಾಡಬಾರದು. ಎಂಜಿನ್ ನಿಂತರೆ ಪವರ್ ಸ್ಟೀರಿಂಗ್ ಗಟ್ಟಿಯಾಗುತ್ತದೆ. ಬ್ರೇಕ್ ಬೂಸ್ಟರ್ ಒಂದೆರಡು ಸಲ ಒತ್ತುವವರೆಗೆ ಸಹಾಯ ಮಾಡುತ್ತದೆ, ಆಮೇಲೆ ಪೆಡಲ್ ಕಲ್ಲಾಗುತ್ತದೆ. ಇಳಿಜಾರಿನ ತಿರುವಿನಲ್ಲಿ ಹೀಗಾದರೆ ಎಂಜಿನ್ ಅಲ್ಲ, ಜೀವವೇ ಹೋಗುತ್ತದೆ. ಆಕ್ಸಿಲರೇಟರ್ ಬಿಡಿ, ಇಂಡಿಕೇಟರ್ ಹಾಕಿ, ಸಿಕ್ಕ ಮೊದಲ ಸುರಕ್ಷಿತ ಜಾಗದಲ್ಲಿ ಬದಿಗೆ ನಿಲ್ಲಿಸಿ, ಆಗ ಆಫ್ ಮಾಡಿ. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೊಂದು ಕಲ್ಲು ಕೊಡಿ. ಹತ್ತು ನಿಮಿಷ ಕಾಯಿರಿ, ಮೇಲಿನ ಆಯಿಲ್ ಕೆಳಗಿಳಿಯಲಿ. ಆಮೇಲೆ ಡಿಪ್‌ಸ್ಟಿಕ್ ತೆಗೆಯಿರಿ, ಗಾಡಿಯ ಅಡಿಗೆ ಬಗ್ಗಿ ನೋಡಿ. ಏಟು ಬಿದ್ದಿಲ್ಲ, ಸೋರಿಕೆ ಇಲ್ಲ, ಆಯಿಲ್ ಮಾತ್ರ ಕಡಿಮೆ ಇದೆ ಅಂದರೆ ತುಂಬಿಸಿ ಸ್ಟಾರ್ಟ್ ಮಾಡಬಹುದು. ಕೆಲವೇ ಸೆಕೆಂಡಿನಲ್ಲಿ ಲೈಟ್ ಆರಬೇಕು. ಆರದಿದ್ದರೆ ಮತ್ತೆ ಸ್ಟಾರ್ಟ್ ಮಾಡಲೇಬಾರದು.

ಗಾಡಿ ನಮ್ಮ ಹತ್ತಿರ ಬಂದಾಗ ನಾನು ಸ್ಪ್ಯಾನರ್ ಮುಟ್ಟುವ ಮೊದಲು ಕೇಳುವುದು, ಲೈಟ್ ಯಾವಾಗ ಹತ್ತಿತು ಅಂತ. ಅರ್ಧ ಕೆಲಸ ಆ ಉತ್ತರದಲ್ಲೇ ಮುಗಿಯುತ್ತದೆ. ತಿರುವಿನಲ್ಲಿ ಮಿಣುಕಿ ನೇರ ರಸ್ತೆಯಲ್ಲಿ ಆರುತ್ತಿತ್ತು ಅಂದರೆ ಆಯಿಲ್ ಕಡಿಮೆ. ಗಾಡಿ ವಾಲಿದಾಗ ಇದ್ದ ಆಯಿಲ್ ಒಂದು ಕಡೆಗೆ ಸರಿದು ಜಾಲರಿ ಗಾಳಿ ಎಳೆಯುತ್ತದೆ. ಚೆನ್ನಾಗಿ ಬಿಸಿಯಾದ ಮೇಲೆ, ಗಾಡಿ ನಿಂತಿದ್ದಾಗ ಮಾತ್ರ ಹತ್ತುತ್ತದೆ, ರೇಸ್ ಮಾಡಿದರೆ ಆರುತ್ತದೆ ಅಂದರೆ ಪಂಪ್ ಅಥವಾ ಬೇರಿಂಗ್ ಸವೆದಿರಬೇಕು, ಇಲ್ಲವೇ ಆಯಿಲ್ ನೀರಿನಂತೆ ತೆಳುವಾಗಿರಬೇಕು. ಇದರ ಉಲ್ಟಾ, ನಿಂತಿದ್ದಾಗ ಸರಿ, ರೇಸ್ ಮಾಡಿದರೆ ಹತ್ತುತ್ತದೆ ಅಂದರೆ ನನ್ನ ಅನುಮಾನ ನೇರವಾಗಿ ಸ್ಟ್ರೈನರ್ ಮೇಲೆ. ಜಾಸ್ತಿ ಆಯಿಲ್ ಬೇಕಾದಾಗ ಕಟ್ಟಿಕೊಂಡ ಜಾಲರಿ ಬಿಡುವುದಿಲ್ಲ. ಸರ್ವಿಸ್ ಮಾಡಿಸಿದ ದಿನವೇ ಹತ್ತಿತು ಅಂದರೆ ಮೊದಲು ಫಿಲ್ಟರ್ ಬಿಚ್ಚುತ್ತೇನೆ. ಹಳೆ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್ನಿಗೆ ಅಂಟಿಕೊಂಡಿದ್ದು, ಅದರ ಮೇಲೇ ಹೊಸ ಫಿಲ್ಟರ್ ಕೂರಿಸಿದರೆ ಒತ್ತಡಕ್ಕೆ ಆಯಿಲ್ ಎಲ್ಲ ಹೊರಗೆ ಬಂದುಬಿಡುತ್ತದೆ.

ಜಾಲರಿ ಕಟ್ಟಿಕೊಳ್ಳುವುದಕ್ಕೆ ಕಾರಣ ಹಲವು. ಆಯಿಲ್ ಬದಲಿಸದೆ ವರ್ಷಗಟ್ಟಲೆ ಓಡಿಸಿದರೆ ಟಾರಿನಂಥ ಕೆಸರು ಕೂರುತ್ತದೆ. ನಮ್ಮ ಮೆಕ್ಯಾನಿಕ್ ಬಂಧುಗಳಿಗೂ ಒಂದು ಮಾತು. ಚೇಂಬರ್ ಕೂರಿಸುವಾಗ ಪ್ಯಾಕಿಂಗ್ ಪೇಸ್ಟ್ ಸುಮ್ನೆ ಮೆತ್ತಬೇಡಿ. ಒಳಕ್ಕೆ ಹಿಂಡಿದ ಪೇಸ್ಟ್ ಒಣಗಿ, ಕಿತ್ತು, ಹೋಗಿ ಜಾಲರಿಗೇ ಕೂರುತ್ತದೆ. ಕೆಲವು ಹೊಸ ಎಂಜಿನ್‌ಗಳಲ್ಲಿ ಟೈಮಿಂಗ್ ಬೆಲ್ಟ್ ಆಯಿಲ್ ಒಳಗೇ ಓಡುತ್ತದೆ. ಅದು ಹಳೆಯದಾಗಿ ಎಳೆ ಎಳೆ ಬಿಟ್ಟರೆ ಅದೂ ಅಲ್ಲಿಗೇ ಬರುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 (ಹೊಗೆ ಮಿತಿಯ ನಿಯಮ) ಡೀಸೆಲ್ ಕಾರುಗಳಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಹೊಗೆ ಫಿಲ್ಟರಿನ ಮಸಿ ಸುಡಲು ಎಂಜಿನ್ ಹೆಚ್ಚುವರಿ ಡೀಸೆಲ್ ಬಿಡುತ್ತದೆ. ಬರೀ ಪೇಟೆಯಲ್ಲೇ ಸಣ್ಣ ಸಣ್ಣ ಓಡಾಟ ಇದ್ದರೆ ಆ ಡೀಸೆಲ್ ಸ್ವಲ್ಪ ಸ್ವಲ್ಪವಾಗಿ ಚೇಂಬರಿಗೆ ಇಳಿಯುತ್ತದೆ. ಆಯಿಲ್ ಕಡಿಮೆಯಾಗುವ ಬದಲು ಮೇಲೇರುತ್ತಿದ್ದರೆ, ಡಿಪ್‌ಸ್ಟಿಕ್ ಮೂಸಿದಾಗ ಡೀಸೆಲ್ ವಾಸನೆ ಬಂದರೆ, ಅದು ತೆಳುವಾಗಿದೆ. ಬದಲಿಸಿಬಿಡಿ.

ಸೆನ್ಸರ್ ಕೆಡುವುದಿಲ್ಲವೇ? ಕೆಡುತ್ತದೆ. ಅದರ ವೈರ್ ಎಲ್ಲೋ ಗಾಡಿಯ ಲೋಹದ ಮೈಗೆ ತಾಗಿದರೂ ಲೈಟ್ ಹತ್ತುತ್ತದೆ. ಆದರೆ ಸೆನ್ಸರ್ ಕೆಟ್ಟಿದೆ ಎಂದು ಊಹೆಯಲ್ಲಿ ಹೇಳುವ ಹಕ್ಕು ಯಾರಿಗೂ ಇಲ್ಲ. ಸೆನ್ಸರ್ ಬಿಚ್ಚಿ, ಅದೇ ತೂತಿಗೆ ಮುಳ್ಳಿನ ಪ್ರೆಶರ್ ಗೇಜ್ ಕೂರಿಸಿ ನೋಡಬೇಕು. ಸಣ್ಣ ಕೆಲಸ, ಗೇಜ್ ಕೂಡ ದೊಡ್ಡ ಬೆಲೆಯದಲ್ಲ. ಗೇಜಿನಲ್ಲಿ ಕಂಪನಿ ಹೇಳಿದಷ್ಟು ಒತ್ತಡ ಬಂದರೆ ಆಗ ಸೆನ್ಸರ್ ಬದಲಿಸಿ. ಬರದಿದ್ದರೆ ಚೇಂಬರ್ ಇಳಿಸಲೇಬೇಕು. ಜಾಲರಿ ನೋಡಿ, ಹೆಚ್ಚಾದ ಒತ್ತಡ ಬಿಡುವ ಪಂಪಿನ ರಿಲೀಫ್ ವಾಲ್ವ್ ತೆರೆದೇ ಸಿಕ್ಕಿಕೊಂಡಿದೆಯಾ ನೋಡಿ, ಫಿಲ್ಟರ್ ಕತ್ತರಿಸಿ ಕಾಗದ ಬಿಡಿಸಿ ಲೋಹದ ಪುಡಿ ಹೊಳೆಯುತ್ತಾ ನೋಡಿ. ಪುಡಿ ಇದ್ದರೆ ಮಾತ್ರ ಬೇರಿಂಗ್ ಕೆಲಸದ ಮಾತು. ಲೈಟ್ ಹತ್ತಿದ ಗಾಡಿಗೆ ಗೇಜ್ ಹಾಕದೆ, ಚೇಂಬರ್ ಇಳಿಸದೆ ಎಂಜಿನ್ ಬದಲಿಸಿ ಎಂದರೆ ಒಪ್ಪಬೇಡಿ. ಎಷ್ಟು ಬಾರ್ ಬಂತು ಎಂದು ಕೇಳಿ.

ಈ ಮಳೆಗಾಲದಲ್ಲಿ ಉಪ್ಪಿನಂಗಡಿ ಕಡೆಯ ಟ್ಯಾಕ್ಸಿಯೊಂದು ಮದುವೆ ಜನರನ್ನು ಹಾಕಿಕೊಂಡು ಬರುತ್ತಿತ್ತು. ದೋಣಿಗಲ್ ಹತ್ತಿರ ಲೈಟ್ ಹತ್ತಿತು. ಆ ಹುಡುಗ ಕೂಡಲೇ ಬದಿಗೆ ನಿಲ್ಲಿಸಿದ. ಮುಹೂರ್ತ ತಪ್ಪುತ್ತದೆ, ಇಷ್ಟು ದೂರ ಬಂದಿದೆಯಲ್ಲ, ಮೆಲ್ಲ ಹೋಗು ಎಂದು ಹಿರಿಯರೊಬ್ಬರು ಒತ್ತಾಯ ಮಾಡಿದರಂತೆ. ಅವನು ಒಪ್ಪಲಿಲ್ಲ. ಅವರನ್ನೆಲ್ಲ ಬೇರೆ ಗಾಡಿಗೆ ಹತ್ತಿಸಿ ನಮಗೆ ಫೋನ್ ಮಾಡಿದ. ಎಳೆದು ತಂದು ನೋಡಿದರೆ ಚೇಂಬರ್ ನಗ್ಗಿ ಜಾಲರಿಯ ಅಂಚು ಮಡಚಿತ್ತು. ಫಿಲ್ಟರಿನಲ್ಲಿ ಲೋಹದ ಚೂರು ಇರಲಿಲ್ಲ. ಚೇಂಬರ್, ಸ್ಟ್ರೈನರ್, ಆಯಿಲ್, ಫಿಲ್ಟರ್ ಬದಲಿಸಿದೆವು. ಗೇಜಿನಲ್ಲಿ 2000 ಆರ್‌ಪಿಎಂಗೆ 3 ಬಾರ್ ನಿಂತಿತು. ಗಾಡಿ ಇವತ್ತೂ ಓಡುತ್ತಿದೆ. ಸಾಲ ಮಾಡಿ ಕೊಂಡ ಗಾಡಿ ಅದು. ಎಂಜಿನ್ ಹೋಗಿದ್ದರೆ ಲಕ್ಷದ ಖರ್ಚು, ತಿಂಗಳ ದುಡಿಮೆ ಬೇರೆ ಹೋಗುತ್ತಿತ್ತು. ಆ ಹುಡುಗನ ಬುದ್ಧಿಯನ್ನು ನಾನು ಬಂದವರಿಗೆಲ್ಲ ಹೇಳುತ್ತೇನೆ.

ವಿಮೆ ಇದೆಯಲ್ಲ ಎಂದು ಧೈರ್ಯವಾಗಿರುವವರೂ ಪಾಲಿಸಿಯನ್ನು ಒಮ್ಮೆ ಓದಬೇಕು. ಅಪಘಾತ ಆದ ಮೇಲೆ ರಿಪೇರಿ ಮಾಡಿಸದೆ ಗಾಡಿ ಓಡಿಸಿ ಹಾನಿ ಹೆಚ್ಚಾದರೆ ಆ ಹೆಚ್ಚಿನ ಹಾನಿ ಮಾಲೀಕರದ್ದೇ ಎಂಬ ಷರತ್ತು ಸಾಮಾನ್ಯ ಮೋಟಾರು ಪಾಲಿಸಿಯಲ್ಲಿ ಇದೆ. ನಗ್ಗಿದ ಚೇಂಬರಿಗೆ ದುಡ್ಡು ಸಿಗುತ್ತದೆ, ಆಮೇಲೆ ಓಡಿಸಿ ಸೀಜ್ ಮಾಡಿಕೊಂಡ ಎಂಜಿನ್ನಿಗೆ ಸಿಗುವುದು ಕಷ್ಟ. ಎಂಜಿನ್ ರಕ್ಷಣೆಯ ಆಡ್-ಆನ್ ಬೇರೆ ಇದೆ, ಅದರ ಷರತ್ತೂ ಓದಿ ತೆಗೆದುಕೊಳ್ಳಿ.

ಇದೆಲ್ಲ ಚಾಲಕರ ಪಾಲಿನ ಮಾತು. ರಸ್ತೆ ಮಾಡುವವರ ಪಾಲೂ ಇದೆ. ರಸ್ತೆಗಳ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮದ ಪ್ರಕಾರ ಸಾಮಾನ್ಯ ಹಂಪ್ 10 ಸೆಂಟಿಮೀಟರ್ ಎತ್ತರ, ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ ಇರಬೇಕು. ಅಂದರೆ ಗಾಡಿ ಮೆಲ್ಲ ಏರಿ ಮೆಲ್ಲ ಇಳಿಯಬೇಕು. ನಮ್ಮ ಹಳ್ಳಿ ರಸ್ತೆಗಳಲ್ಲಿ ಇರುವುದು ಒಂದೆರಡು ಅಡಿ ಅಗಲದ, ಕಡಿದಾದ ದಿಬ್ಬ. ಬಣ್ಣ ಇಲ್ಲ, ಫಲಕ ಇಲ್ಲ, ರಾತ್ರಿ ಮಳೆಯಲ್ಲಿ ಕಾಣುವುದೇ ಇಲ್ಲ. ಸಣ್ಣ ಕಾರಿನ ತಳಕ್ಕೂ ನೆಲಕ್ಕೂ ಖಾಲಿ ಇದ್ದಾಗ 16-17 ಸೆಂಟಿಮೀಟರ್ ಅಂತರ. ಐದು ಜನ, ಡಿಕ್ಕಿ ತುಂಬ ಸಾಮಾನು ಹಾಕಿದರೆ ಅದು ಎಷ್ಟೋ ಇಳಿಯುತ್ತದೆ. ಕೊನೇ ಗಳಿಗೆಯಲ್ಲಿ ಬ್ರೇಕ್ ಹಾಕಿದರೆ ಮುಂಭಾಗ ಇನ್ನೂ ಬಗ್ಗುತ್ತದೆ, ಚೇಂಬರ್ ಇರುವುದೂ ಮುಂದೆಯೇ. ಮಕ್ಕಳು ಓಡಾಡುವ ಶಾಲೆ ಮುಂದೆ ಹಂಪ್ ಬೇಡ ಎಂದು ನಾನು ಹೇಳುತ್ತಿಲ್ಲ. ಖಂಡಿತ ಬೇಕು. ಅಳತೆ ಪ್ರಕಾರ ಹಾಕಿ, ಬಿಳಿ ಪಟ್ಟೆ ಬಳಿದು, ಮುಂಚೆಯೇ ಫಲಕ ನಿಲ್ಲಿಸಿ ಎಂದು ಲೋಕೋಪಯೋಗಿ ಇಲಾಖೆಯನ್ನೂ ಪಂಚಾಯಿತಿಗಳನ್ನೂ ಕೇಳುತ್ತಿದ್ದೇನೆ. ನಿಮ್ಮ ಪತ್ರಿಕೆಯ ವರದಿಗಾರರು ಒಂದು ಟೇಪ್ ಹಿಡಿದುಕೊಂಡು ನಮ್ಮ ತಾಲ್ಲೂಕಿಗೆ ಬಂದರೆ ಯಾವ ಯಾವ ಹಂಪಿನ ಮೇಲೆ ಆಯಿಲ್ ಕಲೆ ಇದೆ ಎಂದು ನಾನೇ ಜೊತೆಗೆ ಬಂದು ತೋರಿಸುತ್ತೇನೆ.

ಇಂತಿ ನಿಮ್ಮ ಓದುಗ,
ಗ್ಯಾರೇಜ್ ಮಾಲೀಕ, ಸಕಲೇಶಪುರ