ಅಮ್ಮನ ವೋಟರ್ ಕಾರ್ಡಿನ ಬೀರೂರು

ಪ್ರೀತಿಯ ಗೆಳೆಯಾ,

ಮೊನ್ನೆ ಅಮ್ಮನ ಬೀರುವಿನಲ್ಲಿ ಪಹಣಿ ಹುಡುಕುವಾಗ ಅವರ ಹಳೇ ವೋಟರ್ ಕಾರ್ಡ್ ಸಿಕ್ಕಿತು. ಹಿಂದೆ ತಿರುಗಿಸಿದರೆ ವಿಧಾನಸಭಾ ಕ್ಷೇತ್ರ ಬೀರೂರು ಅಂತಿದೆ. ಮಗಳು ನೋಡಿ, "ನಮ್ದು ಕಡೂರು ಅಲ್ವಾ ಅಪ್ಪಾ?" ಅಂದಳು. ಅವಳಿಗೆ ಹೇಳಿದ ಮೇಲೂ ಮನಸ್ಸು ತಡೆಯಲಿಲ್ಲ, ಅದಕ್ಕೇ ನಿನಗೆ ಬರೀತಿದ್ದೀನಿ.

2004ರ ಚುನಾವಣೆವರೆಗೂ ಬೀರೂರಿಗೆ ಅಂತಲೇ ಒಬ್ಬ ಎಂಎಲ್ಎ ಇರ್ತಿದ್ದರು. ನಮ್ಮ ಚಿಕ್ಕಮಗಳೂರು ಜಿಲ್ಲೆಗೆ ಆರು ಸೀಟು. ಆಮೇಲೆ 2001ರ ಜನಗಣತಿ ಇಟ್ಟುಕೊಂಡು ಕ್ಷೇತ್ರಗಳ ಗಡಿ ಹೊಸದಾಗಿ ಎಳೆದರು, 2008ರ ಚುನಾವಣೆ ಹೊತ್ತಿಗೆ ಬೀರೂರು ಹೋಗಿ ಐದು ಉಳಿಯಿತು. ಹಾಸನ ಜಿಲ್ಲೆಯಲ್ಲಿ ಗಂಡಸಿ ಕ್ಷೇತ್ರಕ್ಕೂ ಇದೇ ಗತಿ, ಎಂಟಿದ್ದದ್ದು ಏಳಾಯಿತು. ರಾಜ್ಯದ ಒಟ್ಟು 224 ಹಾಗೇ ಇರಬೇಕಿತ್ತು, ಬೆಂಗಳೂರಿನಲ್ಲಿ ಜನ ಜಾಸ್ತಿಯಾಗಿದ್ದರು, ಅಲ್ಲಿ 16 ಇದ್ದದ್ದು 28 ಆಯಿತು. ತಲೆ ಎಣಿಸಿದರೆ ಲೆಕ್ಕ ಸರಿಯೇ ಕಣೋ. ಆದರೆ ಕೆರೆ ಬತ್ತಿ, ತೆಂಗು ಒಣಗಿ, ಹೊಟ್ಟೆಪಾಡಿಗೆ ಬೆಂಗಳೂರು ಬಸ್ಸು ಹತ್ತಿದವರಲ್ಲಿ ನಮ್ಮ ಹುಡುಗರೂ ಇದ್ದರಲ್ಲ, ಅವರ ಹಿಂದೆಯೇ ನಮ್ಮ ಸೀಟೂ ಹೋಯಿತು.

ಅದೇ ಸಲ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರವೂ ಇಲ್ಲವಾಯಿತು. 1978ರಲ್ಲಿ ಆಗಿನ ಎಂಪಿ ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸೀಟಿಗೆ ಇಂದಿರಾ ಗಾಂಧಿ ನಿಂತು, ನವೆಂಬರ್‌ನಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿ ಗೆದ್ದರು, ಡಿಸೆಂಬರ್‌ನಲ್ಲೇ ಅವರನ್ನು ಲೋಕಸಭೆಯಿಂದ ಉಚ್ಚಾಟಿಸಿದರು. ದೇಶಕ್ಕೆ ನೆನಪಿರೋದು ಆ ಒಂದೂವರೆ ತಿಂಗಳು ಮಾತ್ರ. ನನಗೆ ನೆನಪಿರೋದು ಬೇರೆ. ನೀನು ಮೂಡಿಗೆರೆಯ ಮಳೆಯಲ್ಲಿ, ನಾನು ಈ ಬಯಲುಸೀಮೆ ಬಿಸಿಲಲ್ಲಿ, ಆದರೂ ಇಬ್ಬರೂ ಒಂದೇ ಎಂಪಿಗೆ ವೋಟು ಹಾಕ್ತಿದ್ದೆವು, ಎಣಿಕೆ ದಿನ ಫೋನ್ ಇಡ್ತಾನೇ ಇರಲಿಲ್ಲ. ಈಗ ನಿಮ್ಮದು ಉಡುಪಿ ಜೊತೆ, ನಮ್ಮ ಕಡೂರು ಹಾಸನದ ಜೊತೆ. ಜಿಲ್ಲೆ ಒಂದೇ, ಡಿಸಿ ಆಫೀಸು ಒಂದೇ, ದೆಹಲಿಯಲ್ಲಿ ಮಾತಾಡೋರು ಮಾತ್ರ ಬೇರೆ ಬೇರೆ. ಅಡಿಕೆ ರೋಗದ ಬಗ್ಗೆ, ಆನೆ ಕಾಟದ ಬಗ್ಗೆ ಜಿಲ್ಲೆಯವರೆಲ್ಲ ಸೇರಿ ಒಬ್ಬರ ಮುಂದೆ ಕೂತು ಕೇಳೋ ಹಾಗಿಲ್ಲ. ಇದು ನನಗೆ ನಿಜವಾಗಿ ನೋವು ಕೊಡುತ್ತೆ.

ಕಾರ್ಡನ್ನು ಪ್ಲಾಸ್ಟಿಕ್ ಕವರ್ ಹಾಕಿ ಎತ್ತಿಟ್ಟಿದ್ದೀನಿ. ಚಂದ್ರೇಗೌಡರ ದಾರದಹಳ್ಳಿ ನಿಮ್ಮ ಕಡೆಯದೇ ಅಲ್ವಾ? 1978ರ ಆ ಚುನಾವಣೆಯಲ್ಲಿ ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಏನು ಮಾತಾಡ್ತಿದ್ದರು ಅಂತ ನಿಮ್ಮ ದೊಡ್ಡಪ್ಪನನ್ನು ಕೇಳಿ ಬರೆ. ಅವರಿಗೆ ನೆನಪಿರುವಾಗಲೇ ಕೇಳು.

ನಿನ್ನ,
ಬೀರೂರಿನ ಗೆಳೆಯ