ನಾನು ಬೆಲೆ ಕೇಳಿ ಬೆಚ್ಚಿದ್ದಲ್ಲ

ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ದೇವರಾಜ ಮಾರ್ಕೆಟ್ ಬಗ್ಗೆ ನೀವು ಹಾಕಿದ ಬಣ್ಣದ ಪುಟ ನೋಡಿದೆ. ಎಡಗಡೆ ಮೇಲೆ ದೊಡ್ಡ ಫೋಟೋ ಇದೆಯಲ್ಲ, ಚೀಲ ಹಿಡಿದು ಬಾಯಿ ಅಗಲ ಮಾಡಿ ನಿಂತ ಹೆಂಗಸು, ಅದು ನಾನೇ. ಕೆಳಗೆ ‘ಹೂವಿನ ಬೆಲೆ ಕೇಳಿ ಬೆಚ್ಚಿಬಿದ್ದ ಗ್ರಾಹಕಿ’ ಅಂತ ಬರೆದಿದ್ದೀರಿ. ನಾನು ಯಾವ ಬೆಲೆ ಕೇಳಿಯೂ ಬೆಚ್ಚಿಲ್ಲ. ನಲವತ್ತು ವರ್ಷದಿಂದ ಅಲ್ಲೇ ಹೂವು ಕೊಳ್ಳುತ್ತಿದ್ದೇನೆ. ಫೋಟೋ ತೆಗೆಯುತ್ತಿದ್ದ ಹುಡುಗ ನೆಲದಲ್ಲಿಟ್ಟಿದ್ದ ನನ್ನ ಇನ್ನೊಂದು ಚೀಲದ ಮೇಲೆ ಶೂ ಕಾಲಿಟ್ಟಿದ್ದ. ‘ಕಾಲು ತೆಗೆಯಪ್ಪಾ’ ಅಂತ ಕೂಗುತ್ತಿದ್ದೆ. ಆ ‘ಪ್ಪಾ’ಕ್ಕೆ ಸರಿಯಾಗಿ ಅವನು ಬಟನ್ ಒತ್ತಿದ್ದಾನೆ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಆ ಹೂವಿನ ಸಾಲು ಹೇಗಿರುತ್ತೆ ಅಂತ ಮೈಸೂರಿನವರಿಗೆ ಹೇಳಬೇಕಾಗಿಲ್ಲ. ತಾವರೆ, ಬಾಳೆಕಂದು, ಮಾವಿನ ಸೊಪ್ಪು ಎಲ್ಲರಿಗೂ ಅವತ್ತೇ ಬೇಕು. ಅದಕ್ಕೇ ಬೆಳಿಗ್ಗೆ ಬೇಗ ಹೊರಟೆ. ಮಂಡಿನೋವಿನವಳು, ಚಿಕ್ಕ ಗಡಿಯಾರದ ಹತ್ತಿರ ಆಟೋ ಇಳಿದು ನಿಧಾನವಾಗಿ ಒಳಗೆ ನಡೆದೆ. ಸೇವಂತಿಗೆ ಮಾರಿಗೆ 150 ಅಂದವಳನ್ನು ಕಾಲು ಗಂಟೆ ಮಾತಾಡಿ 120ಕ್ಕೆ ಇಳಿಸಿದ್ದೆ. ಇನ್ನೇನು ಅಳೆಯಬೇಕು, ಅಷ್ಟರಲ್ಲಿ ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡ ಇಪ್ಪತ್ತು ಇಪ್ಪತ್ತೈದು ಜನ ನುಗ್ಗಿದರು. ಬೆಂಗಳೂರಿನವರಂತೆ. ‘ಫೋಟೋ ವಾಕ್’ ಅಂತೆ, ಗುಂಪಾಗಿ ನಡೆಯುತ್ತಾ ಫೋಟೋ ತೆಗೆಯುವುದಂತೆ. ವಾಕ್ ಅಂದಮೇಲೆ ನಡೆಯಬೇಕು, ಅಲ್ವಾ? ಒಬ್ಬರೂ ನಡೆಯಲಿಲ್ಲ. ಇಬ್ಬರು ಹೋಗುವಷ್ಟು ಸಂದಿಯಲ್ಲಿ ಒಬ್ಬ ಕೂತ, ಒಬ್ಬ ಬಗ್ಗಿದ, ಇನ್ನೊಬ್ಬ ಕೊಳೆತ ಸೊಪ್ಪಿನ ಮೇಲೆ ಉದ್ದಕ್ಕೆ ಮಲಗಿಯೇಬಿಟ್ಟ. ತಾಡಪಾಲಿನ ಸಂದಿಯಿಂದ ಬಿಸಿಲು ಕೋಲಿನ ಹಾಗೆ ಬೀಳುತ್ತಿತ್ತು. ‘ಆಂಟಿ, ಒಂದ್ನಿಮಿಷ ಅಲ್ಲೇ ನಿಂತ್ಕೊಳ್ಳಿ, ಲೈಟ್ ಸಖತ್ತಾಗಿದೆ’ ಅಂದಳು ಒಬ್ಬಳು. ಬೇರೆ ಕಡೆ ಹೋಗೋಕೆ ಜಾಗ ಎಲ್ಲಿತ್ತಮ್ಮಾ?

ಅಷ್ಟು ಹೊತ್ತಿಗೆ ಹಿಂದಿನಿಂದ ಬಂದ ಗಿರಾಕಿ ಚೌಕಾಸಿಯೇ ಇಲ್ಲದೆ 150 ಕೊಟ್ಟು ಎರಡು ಮಾರು ಹೊತ್ತುಕೊಂಡು ಹೋದಳು. ನನ್ನ 120 ಅಲ್ಲಿಗೆ ಸತ್ತಿತು. ಚೀಲದಲ್ಲಿದ್ದ ವೀಳ್ಯದೆಲೆ ಕಟ್ಟು ಶೂ ಕೆಳಗೆ ಅಪ್ಪಚ್ಚಿ. ಮೈಸೂರು ವೀಳ್ಯದೆಲೆಗೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರಿ ಗುರುತು, ಇದೆ ಅಂತ ನಿಮ್ಮ ಪುಟದಲ್ಲೇ ಹೆಮ್ಮೆಯಿಂದ ಬರೆದಿದ್ದೀರಿ. ಅದರ ಮೇಲೆ ಶೂ ಗುರುತೂ ಇತ್ತು, ಅದನ್ನು ಬರೆಯಲಿಲ್ಲ.

ಕುಂಕುಮದ ಅಂಗಡಿ ಮುಂದಂತೂ ಗೋಡೆ ಕಟ್ಟಿದ ಹಾಗೆ ನಿಂತಿದ್ದರು. ಕೆಂಪು, ಹಳದಿ, ನೀಲಿ ಗುಡ್ಡೆಗಳು ನೋಡೋಕೆ ಚೆನ್ನಾಗಿಯೇ ಇರುತ್ತವೆ, ನಾನೂ ಒಪ್ಪುತ್ತೇನೆ. ಒಬ್ಬ ಮಹಾಶಯ ಅಂಗಡಿಯವನಿಗೆ ಗುಡ್ಡೆಯ ತುದಿ ಇನ್ನೂ ಸ್ವಲ್ಪ ಚೂಪು ಮಾಡಿ ಅಂದ. ಪಾಪ, ಅವನು ಮಾಡಿಕೊಟ್ಟ. ಹತ್ತು ರೂಪಾಯಿ ಕುಂಕುಮವನ್ನಾದರೂ ಯಾರಾದರೂ ಕೊಂಡರಾ? ‘ಅಮ್ಮೋರೆ, ಫೋಟೋಗೊಂದು ರೂಪಾಯಿ ಕೊಟ್ಟಿದ್ರೆ ನಾನು ಮನೇಲಿ ಕಾಲು ಚಾಚ್ಕೊಂಡು ಕೂತಿರ್ತಿದ್ದೆ’ ಅಂತ ಅವನು ನನ್ನ ಹತ್ತಿರ ನಕ್ಕ. ನಿಮ್ಮ ವರದಿಗಾರರಿಗೆ ಈ ಮಾತು ಕೇಳಿಸಲಿಲ್ಲವೇನೋ.

ಭಾನುವಾರ ಬೆಳಿಗ್ಗೆಯಿಂದ ಫೋನ್ ಬಿಟ್ಟಿಲ್ಲ. ‘ಪೇಪರ್‌ನಲ್ಲಿ ಬಂದಿದ್ದೀರಲ್ಲಾ’ ಅಂತ ಎದುರು ಮನೆಯವರು. ಅದು ಹೋಗಲಿ. ಶಿವಮೊಗ್ಗದಿಂದ ಬೀಗರು ಫೋನ್ ಮಾಡಿ, ‘ಅಷ್ಟು ಕಷ್ಟ ಇದ್ದರೆ ಹೇಳಬಾರದಿತ್ತಾ, ಹೂವು ನಾವೇ ಕಳಿಸ್ತಿದ್ವಿ’ ಅಂದರು. ಸೊಸೆ ಪಕ್ಕದಲ್ಲೇ ಕೂತಿದ್ದಳು. ನಗು ತಡೆದುಕೊಂಡು ಒಳಗೆ ಹೋದಳು. ಈ ಮರ್ಯಾದೆಗೆ ನೀವು ಏನು ಕೊಡುತ್ತೀರಿ?

ನನ್ನ ಅಣ್ಣನ ಮಗನಿಗೂ ಈ ಫೋಟೋ ಹುಚ್ಚಿದೆ. ಬೀದಿ ಸಾರ್ವಜನಿಕ ಜಾಗ ಅತ್ತೆ, ಅಲ್ಲಿ ಫೋಟೋ ತೆಗೆದರೆ ತಪ್ಪಿಲ್ಲ ಅಂತಾನೆ. 35 ಎಂಎಂ ಲೆನ್ಸ್ ಹಾಕಿದರೆ ಹತ್ತಿರ ಹೋಗಲೇಬೇಕಂತೆ, ದೂರದಿಂದ ಜೂಮ್ ಮಾಡುವುದು ಹೇಡಿತನವಂತೆ. ಕೇಳಿ ತೆಗೆದರೆ ಮುಖ ಸಹಜವಾಗಿ ಬರಲ್ಲವಂತೆ. ಆಯ್ತಪ್ಪ, ಮೊದಲೇ ಕೇಳಬೇಡ. ತೆಗೆದ ಮೇಲಾದರೂ ಒಂದು ಮಾತು ಹೇಳೋಕೆ ನಾಲಿಗೆ ಸವೆಯುತ್ತಾ? ಎಷ್ಟೋ ವರ್ಷದ ಹಿಂದೆ ಅದೇ ಮಾರ್ಕೆಟ್‌ನಲ್ಲಿ ಒಬ್ಬ ವಿದೇಶಿ ಮುದುಕ ಕೈಸನ್ನೆಯಲ್ಲೇ ಕೇಳಿ ನನ್ನ ಫೋಟೋ ತೆಗೆದ, ವಿಳಾಸ ಬರೆಸಿಕೊಂಡ. ಎರಡು ತಿಂಗಳಿಗೆ ಪೋಸ್ಟ್‌ನಲ್ಲಿ ಬಂತು. ಇವತ್ತಿಗೂ ಷೋಕೇಸ್‌ನಲ್ಲಿದೆ. ಬಾಯಿ ಮುಚ್ಚಿಕೊಂಡಿದ್ದೇನೆ ಅದರಲ್ಲಿ.

ಅರಮನೆಯಲ್ಲಿ ವರ್ಷಗಟ್ಟಲೆ ಚಪ್ಪಲಿ ಜೊತೆಗೆ ಕ್ಯಾಮೆರಾವನ್ನೂ ಹೊರಗೇ ಇಡಿಸಿಕೊಳ್ಳುತ್ತಿದ್ದರು. ಒಳಗಿನ ಕುರ್ಚಿ, ಕಂಬ, ಕನ್ನಡಿಗಳ ಫೋಟೋ ತೆಗೆಯುವಂತಿರಲಿಲ್ಲ. ಕುರ್ಚಿಗೆ ಇದ್ದ ಮರ್ಯಾದೆ ನನಗಿಲ್ಲವೇ?

2023ರಲ್ಲಿ ಬೆಂಗಳೂರಿನಿಂದ ದಶಪಥ ಹೆದ್ದಾರಿ ಆದಮೇಲೆ ಇದು ಇನ್ನೂ ಜಾಸ್ತಿಯಾಗಿದೆ. ಬೆಳಿಗ್ಗೆ ಎದ್ದು ಹೊರಟು, ಫೋಟೋ ತೆಗೆದು, ಮೈಲಾರಿ ದೋಸೆ ತಿಂದು ಮಧ್ಯಾಹ್ನಕ್ಕೆ ವಾಪಸ್. ವರದಿಯ ಕೊನೆಯಲ್ಲಿ ಅಧಿಕಾರಿಯೊಬ್ಬರು ‘ಛಾಯಾಗ್ರಾಹಕರಿಗೆ ಎಲ್ಲ ಅನುಕೂಲ ಮಾಡಿಕೊಡುತ್ತೇವೆ’ ಅಂದಿದ್ದಾರೆ. ಅಬ್ಬಾ! ಸಾಮಾನು ಕೊಳ್ಳೋಕೆ ಹೋಗುವ ಹೆಂಗಸರಿಗೆ ನೆಟ್ಟಗಿರುವ ಒಂದು ಶೌಚಾಲಯ ಮೊದಲು ಮಾಡಿಕೊಡಿ ಸ್ವಾಮಿ. ಸಯ್ಯಾಜಿರಾವ್ ರಸ್ತೆಯ ಫುಟ್‌ಪಾತ್‌ನಲ್ಲಿ ಕಾಲಿಡಲು ಜಾಗ ಮಾಡಿಕೊಡಿ. ಆಮೇಲೆ ಲೈಟ್ ಸಖತ್ತಾಗಿದೆಯಾ ನೋಡೋಣ.

ಈ ಮಾರ್ಕೆಟ್‌ನ ಒಂದು ಭಾಗ 2016ರ ಆಗಸ್ಟ್‌ನಲ್ಲಿ ಕುಸಿದು ಬಿತ್ತು. ಅದೇ ವರ್ಷ ನಾವು ದೇಶದ ಸ್ವಚ್ಛ ನಗರಗಳಲ್ಲಿ ಮೊದಲ ಸ್ಥಾನ ಅಂತ ಸಿಹಿ ಹಂಚಿದ್ದೆವು. ಅದಕ್ಕೂ ನಾಲ್ಕು ವರ್ಷ ಮೊದಲು, 2012ರ ಆಗಸ್ಟ್‌ನಲ್ಲೇ, ಎದುರಿನ ಲ್ಯಾನ್ಸ್‌ಡೌನ್ ಕಟ್ಟಡ ಬಿದ್ದು ನಾಲ್ಕು ಜನ ಸತ್ತರು. ನನ್ನ ಮಕ್ಕಳಿಗೆ ಹಳೇ ಪಠ್ಯಪುಸ್ತಕ ಕೊಂಡಿದ್ದು ಅಲ್ಲೇ. ಎರಡು ಸಲವೂ ಅಧಿಕಾರಿಗಳು ಬಂದರು, ಕಲ್ಲುಮಣ್ಣಿನ ಮುಂದೆ ನಿಂತರು, ಬೆರಳು ತೋರಿಸಿದರು. ಅವರ ಫೋಟೋನೂ ಚೆನ್ನಾಗಿಯೇ ಬಂದಿತ್ತು. ಆಮೇಲೆ ಕೆಡವಬೇಕೋ ಉಳಿಸಬೇಕೋ ಅಂತ ವಾದ, ಸಮಿತಿ, ಕೋರ್ಟು. ಆ ಬಿರುಕು ಬಿಟ್ಟ ಗೋಡೆಯನ್ನು ಈ ಹುಡುಗರು ಮೂಸಿ ನೋಡುವಷ್ಟು ಹತ್ತಿರ ಹೋಗಿ ತೆಗೆಯುತ್ತಿದ್ದರು. ‘ಟೆಕ್ಸ್ಚರ್’, ಅಂದರೆ ಗೋಡೆಯ ಒರಟು ಮೈ, ಚೆನ್ನಾಗಿದೆಯಂತೆ. ಆ ಟೆಕ್ಸ್ಚರ್ ಕೆಳಗೆ ನಿಂತು ಚೌಕಾಸಿ ಮಾಡುವವರು ನಾವು.

ಹಾಗೆ ನೋಡಿದರೆ ನಮ್ಮ ಬೀದಿಯ ಚರಂಡಿ ಬಗ್ಗೆ 2019ರಲ್ಲಿ ನಾನು ಬರೆದ ಪತ್ರ ಇದೇ ಅಂಕಣದಲ್ಲಿ ಬಂದಿತ್ತು. ಒಬ್ಬರು ಬಂದು ಮೊಬೈಲ್‌ನಲ್ಲಿ ಚರಂಡಿಯ ನಾಲ್ಕು ಫೋಟೋ ಹೊಡೆದುಕೊಂಡು ಹೋದರು. ಚರಂಡಿ ಈಗಲೂ ಹಾಗೇ ಇದೆ. ಅದನ್ನೂ ಫೋಟೋ ವಾಕ್‌ಗೆ ಸೇರಿಸಿಕೊಳ್ಳಲಿ, ಟೆಕ್ಸ್ಚರ್‌ಗೆ ಏನೂ ಕಮ್ಮಿಯಿಲ್ಲ.

ಆದ್ದರಿಂದ ಸಂಬಂಧಪಟ್ಟವರು ಈ ಕ್ಯಾಮೆರಾದವರಿಗೆ ಏನಾದರೂ ಒಂದು ವ್ಯವಸ್ಥೆ ಮಾಡಬೇಕು. ಹಬ್ಬದ ವಾರದಲ್ಲಾದರೂ ಬಿಡಬಾರದು. ಇಲ್ಲವೇ ಬಿಡಲಿ, ಆದರೆ ಸಾಲಾಗಿ ಬಿಡಲಿ, ಮಲಗಲು ಬಿಡಬಾರದು. ಮಾರ್ಕೆಟ್ ರಿಪೇರಿಯನ್ನೂ ಬೇಗ ಮುಗಿಸಬೇಕು. ಚರಂಡಿಯನ್ನೂ ನೋಡಬೇಕು. ನೀವು ಆ ಅಡಿಬರಹ ತಪ್ಪು ಅಂತ ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಬೇಕು. ಮಾರಿಗೆ 30 ರೂಪಾಯಿ ಮತ್ತು ಒಂದು ಕಟ್ಟು ವೀಳ್ಯದೆಲೆ ಯಾರು ಕೊಡುತ್ತಾರೋ ನನಗೆ ಗೊತ್ತಿಲ್ಲ, ಯಾರಾದರೂ ಕೊಡಲಿ.

— ಅಗ್ರಹಾರದ ಗೃಹಿಣಿ, ಮೈಸೂರು
(ಹೆಸರು ಹಾಕಬೇಡಿ. ಫೋಟೋ ಹಾಕಿದ್ದೇ ಸಾಕು.)