ಗೆಳೆತನಕ್ಕೂ ಲೈಕ್‌ಗಳ ಲೆಕ್ಕವೇ?

ಮಾನ್ಯರೇ,

ಆರು, ಏಳನೇ ತರಗತಿಯ ಮಕ್ಕಳಲ್ಲಿ ಯಾರು ಯಾರ ಗೆಳೆಯರು ಎಂಬುದನ್ನು ಈಗ ಫಾಲೋವರ್‌ಗಳ ಸಂಖ್ಯೆ ತೀರ್ಮಾನಿಸತೊಡಗಿರುವುದು ಕಳವಳದ ಸಂಗತಿ. ಇನ್‌ಸ್ಟಾಗ್ರಾಂನಲ್ಲಿ ಖಾತೆ ತೆರೆಯಲು ಕನಿಷ್ಠ 13 ವರ್ಷ ತುಂಬಿರಬೇಕು. ಆದರೆ ಹುಟ್ಟಿದ ವರ್ಷವನ್ನು ಹಿಂದಕ್ಕೆ ತಳ್ಳಿ ಒಳಹೊಕ್ಕ ಮಕ್ಕಳು ಎಷ್ಟೋ. ಕೆಲವೆಡೆ ಖಾತೆ ತೆರೆದುಕೊಟ್ಟವರು ಹೆತ್ತವರೇ! ಗುಂಪಿನಿಂದ ಹೊರಗುಳಿಯುವ ಭಯ ಈ ವಯಸ್ಸಿಗೆ ಸಹಜ. ಹಿಂದೆ ತನ್ನನ್ನು ಬಿಟ್ಟು ಗೆಳೆಯರು ಸೇರಿದ್ದು ಎಷ್ಟೋ ಸಲ ತಿಳಿಯದೆಯೇ ಹೋಗುತ್ತಿತ್ತು. ಈಗ ಅದರ ಚಿತ್ರ ಅದೇ ಸಂಜೆ ಕಣ್ಣಿಗೆ ಬೀಳುತ್ತದೆ, ಬಂದ ಲೈಕ್‌ಗಳ ಸಮೇತ. ಮನಸ್ಸಿಲ್ಲದಿದ್ದರೂ ತಾನೂ ಲೈಕ್ ಒತ್ತಬೇಕು. ಒತ್ತದಿದ್ದರೆ ಮರುದಿನ ಮುನಿಸು. ಜಗಳವಾಡಿ ನಾಲ್ಕು ದಿನದಲ್ಲಿ ರಾಜಿಯಾಗುವ ವಯಸ್ಸಿದು. ಆಡಿದ ಮಾತಿನ ಸ್ಕ್ರೀನ್‌ಶಾಟ್ ಹತ್ತಾರು ಕೈ ದಾಟಿದ ಮೇಲೆ ರಾಜಿಯೂ ಕಷ್ಟ.

ಒಂದು ಮಗುವಿನ ಮೊಬೈಲ್ ಮಾತ್ರ ಕಸಿದುಕೊಂಡರೆ ಅದು ಇನ್ನಷ್ಟು ಒಂಟಿಯಾದೀತು. ಆದ್ದರಿಂದ ತರಗತಿಯ ಪೋಷಕರೆಲ್ಲರೂ ಶಿಕ್ಷಕರ ಸಮ್ಮುಖದಲ್ಲಿ ಕುಳಿತು, 13 ತುಂಬುವವರೆಗೆ ಯಾರಿಗೂ ಖಾತೆ ಬೇಡವೆಂದು ಒಟ್ಟಾಗಿ ಒಪ್ಪಿಕೊಳ್ಳಲಿ. ಆ ವಯಸ್ಸು ದಾಟಿದವರಿಗೆ ಲೈಕ್‌ಗಳ ಸಂಖ್ಯೆಯನ್ನು ಮರೆಮಾಡುವ ಆಯ್ಕೆ 2021ರಿಂದಲೇ ಇನ್‌ಸ್ಟಾಗ್ರಾಂನಲ್ಲಿದೆ. ಅದನ್ನು ಬಳಸುವುದನ್ನು ಮನೆಯಲ್ಲೇ ಕಲಿಸಲಿ.

– ಒಬ್ಬ ಪೋಷಕ